ಮನೆ ಕಾಯುವ ಸುಖ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಎರಡು ಕಾರ್ಯಗಳ ಕಷ್ಟವನ್ನು ಬಲ್ಲ ಹಿರಿಯರು ಅನುಭವದಿಂದ ಆಡಿದ ಮಾತು ಅದು. ಅದಕ್ಕೆ ಮೂರನೆಯದೊಂದನ್ನು ಜೋಡಿಸಬೇಕೆಂದು ನಮಗೆ ಇತ್ತೀಚೆಗೆ ಅನಿಸತೊಡಗಿದೆ: ಪರರ ಮನೆ ಕಾದು ನೋಡು. ಮೊದಲಿನ ಎರಡರಲ್ಲಿ ಹಣ ಕರಗುತ್ತದೆ, ನಿದ್ದೆ ಕೆಡುತ್ತದೆ. ಮೂರನೆಯದರಲ್ಲಿ ಹಣದ ಮಾತಿಲ್ಲ. ನಿದ್ದೆಯೂ ಸೊಗಸಾಗಿಯೇ ಬರುತ್ತದೆ. ಆದರೆ ತನ್ನದಲ್ಲದ ವಸ್ತುವನ್ನು ತನ್ನದೆಂಬಂತೆ ಜೋಪಾನ ಮಾಡಿ, ಅವಧಿ ತೀರಿದೊಡನೆ ಸಂತೋಷದಿಂದ ಒಪ್ಪಿಸಿ ಬರುವ ಮನಸ್ಸು ತನಗೆ ಇದೆಯೇ ಎಂಬುದು ಅಲ್ಲಿ ಪರೀಕ್ಷೆಗೆ ಒಳಗಾಗುತ್ತದೆ.

ಮನೆಯೊಡೆಯರು ಪರಊರಿಗೆ ಹೋದಾಗ ಅವರ ಮನೆಯಲ್ಲಿದ್ದು ಕಸ ಗುಡಿಸಿ, ದೀಪ ಹಚ್ಚಿ, ದನಕರುಗಳಿಗೆ ಮೇವು ನೀರು ತೋರಿಸುವುದು ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಅವಿಭಕ್ತ ಕುಟುಂಬದ ಕಾಲದಲ್ಲಿ ಅದಕ್ಕೊಂದು ಹೆಸರಿನ ಅಗತ್ಯವೇ ಇರಲಿಲ್ಲ. ಹತ್ತು ಜನ ಯಾತ್ರೆಗೆ ಹೊರಟರೆ ಇಬ್ಬರು ಮನೆಯಲ್ಲಿ ಉಳಿಯುತ್ತಿದ್ದರು. ಯಾರೂ ಉಳಿಯದಿದ್ದರೆ ಸೋದರತ್ತೆಯೋ ಚಿಕ್ಕಮ್ಮನೋ ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದರು. ತಲೆಬಾಗಿಲಿಗೆ ಬೀಗ ಬೀಳುವುದು ಅಶುಭವೆಂದೇ ಹಲವರು ಎಣಿಸುತ್ತಿದ್ದರು. ಇಂದು ಆ ಹತ್ತು ಜನರ ಮನೆಯಲ್ಲಿ ವೃದ್ಧ ದಂಪತಿಗಳಿಬ್ಬರೇ ಉಳಿದಿದ್ದಾರೆ. ಅವರು ಹೊರಟರೆ ಬೀಗ ಬೀಳಬೇಕು, ಇಲ್ಲವೇ ಅವರು ಹೊರಡುವುದನ್ನೇ ಕೈಬಿಡಬೇಕು. ಎಷ್ಟೋ ಮಂದಿ ಎರಡನೆಯದನ್ನೇ ಆರಿಸಿಕೊಂಡು ಸುಮ್ಮನಿದ್ದಾರೆ. ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದ ಸಂಗತಿ ಇದು.

ಹಿಂದಿನವರು ಕಂಡ ಕಾವಲು

ಪರರ ಆಸ್ತಿಯನ್ನು ಕಾಯ್ದ ಮಹಾಪುರುಷನೆಂದರೆ ನಮಗೆ ಮೊದಲು ನೆನಪಾಗುವವನು ಭರತ. ಕೈಗೆ ಬಂದ ರಾಜ್ಯವನ್ನು ತನ್ನದೆನ್ನದೆ, ಅಣ್ಣನ ಪಾದುಕೆಗಳನ್ನು ಸಿಂಹಾಸನದ ಮೇಲಿರಿಸಿ, ತಾನು ಅಯೋಧ್ಯೆಯ ಹೊರಗೆ ನಂದಿಗ್ರಾಮದಲ್ಲಿದ್ದು ಹದಿನಾಲ್ಕು ವರ್ಷ ಆಡಳಿತ ನಡೆಸಿದನು. ಅವನು ಅರಮನೆಯೊಳಗೇ ಇದ್ದಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೂ ಊರ ಹೊರಗೆ ನಿಂತನು. ಕಾಯುವವನಿಗೂ ಒಡೆಯನಿಗೂ ನಡುವೆ ಒಂದು ಗೆರೆ ಇರಬೇಕೆಂಬುದನ್ನು ಆತನು ತನ್ನ ವಾಸಸ್ಥಾನದಿಂದಲೇ ತೋರಿಸಿಕೊಟ್ಟನು.

ಆ ಗೆರೆಯನ್ನು ಧರ್ಮಶಾಸ್ತ್ರಕಾರರು ಅಕ್ಷರದಲ್ಲಿಯೇ ಬರೆದಿಟ್ಟಿದ್ದಾರೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದುದು ಕನ್ನಡ ನಾಡಿನ ಹೆಮ್ಮೆ. ನ್ಯಾಯಕ್ಕೆ ಬರುವ ಹದಿನೆಂಟು ಬಗೆಯ ವಿವಾದಗಳಲ್ಲಿ ‘ನಿಕ್ಷೇಪ’ವೆಂಬುದೂ ಒಂದು; ಎಂದರೆ ನಂಬಿ ಇನ್ನೊಬ್ಬರ ಕೈಯಲ್ಲಿ ಇಟ್ಟ ವಸ್ತು. ಒಳಗೆ ಏನಿದೆಯೆಂದು ಹೇಳದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟುಕೊಟ್ಟರೆ ಅದಕ್ಕೆ ‘ಉಪನಿಧಿ’ ಎಂದು ಬೇರೆ ಹೆಸರು. ಇಟ್ಟ ವಸ್ತು ರಾಜನಿಂದ, ದೈವದಿಂದ ಅಥವಾ ಕಳ್ಳರಿಂದ ನಷ್ಟವಾದರೆ ಇಟ್ಟುಕೊಂಡವನು ತೆರಬೇಕಾಗಿಲ್ಲ. ಆದರೆ ಅದನ್ನು ತನ್ನಿಚ್ಛೆಯಂತೆ ಬಳಸಿ ಬದುಕಿದರೆ ಅವನು ದಂಡಕ್ಕೆ ಅರ್ಹ. ಈ ನಿಯಮವು ಒಡವೆ ವಸ್ತುಗಳನ್ನು ಕುರಿತದ್ದಾದರೂ ಮನೆಗೂ ಚೆನ್ನಾಗಿ ಹೊಂದುತ್ತದೆ. ತೆರೆದ ಪಡಸಾಲೆ ನಮಗೆ ನಿಕ್ಷೇಪ. ಬಾಗಿಲೆಳೆದುಕೊಂಡ ಒಳಕೋಣೆ ಉಪನಿಧಿ. ಮೊದಲನೆಯದನ್ನು ಗುಡಿಸಬೇಕು; ಎರಡನೆಯದರ ಚಿಲಕವನ್ನು ಮುಟ್ಟಲಾಗದು.

ಪಶ್ಚಿಮ ದೇಶದಲ್ಲಿಯೂ ಇಂಥ ಒಂದು ನಿದರ್ಶನವುಂಟು. ಅಮೆರಿಕದ ಹೆನ್ರಿ ಡೇವಿಡ್ ಥೋರೋ ವಾಲ್ಡನ್ ಕೊಳದ ದಂಡೆಯ ಗುಡಿಸಲಿನಲ್ಲಿ 1845ರಿಂದ 1847ರವರೆಗೆ ಏಕಾಂತದಲ್ಲಿದ್ದುದು ಲೋಕವಿಖ್ಯಾತ. ಆ ಗುಡಿಸಲು ನಿಂತ ನೆಲ ಅವನದಾಗಿರಲಿಲ್ಲ, ಮಿತ್ರ ಎಮರ್ಸನ್ನನದು. ಗುಡಿಸಲನ್ನು ಬಿಟ್ಟ ಮೇಲೆ ಥೋರೋ ಮಾಡಿದ ಕೆಲಸವನ್ನು ಮಾತ್ರ ಬಹಳ ಜನ ಅರಿಯರು. 1847ರ ಅಕ್ಟೋಬರಿನಲ್ಲಿ ಎಮರ್ಸನ್ ಉಪನ್ಯಾಸಗಳಿಗಾಗಿ ಇಂಗ್ಲೆಂಡಿಗೆ ಹಡಗು ಹತ್ತಿದಾಗ, ಮರುವರ್ಷದ ಬೇಸಿಗೆಯಲ್ಲಿ ಅವನು ಹಿಂದಿರುಗುವವರೆಗೂ ಅವನ ಮನೆಯಲ್ಲಿದ್ದು ತೋಟವನ್ನೂ ಮನೆವಾರ್ತೆಯನ್ನೂ ನೋಡಿಕೊಂಡವನು ಇದೇ ಥೋರೋ. ಏಕಾಂತದ ವಿಷಯವಾಗಿ ಅವನು ಒಂದು ಗ್ರಂಥವನ್ನೇ ಬರೆದನು. ಮನೆ ಕಾಯ್ದುದಕ್ಕೆ ಅಂಥ ಗ್ರಂಥ ಹುಟ್ಟಲಿಲ್ಲ. ಈ ಕೆಲಸದ ಸ್ವಭಾವವೇ ಹಾಗೆ: ಸರಿಯಾಗಿ ನಡೆದರೆ ಹೇಳಲು ಏನೂ ಉಳಿದಿರುವುದಿಲ್ಲ.

ಎರೆಸೀಮೆಯ ಒಂದು ಮನೆ

ಇನ್ನು ನಮ್ಮ ಅನುಭವಕ್ಕೆ ಬರೋಣ. ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿನಲ್ಲಿ, ಬೆಣ್ಣಿಹಳ್ಳಕ್ಕೆ ಸಮೀಪದ ಒಂದು ಹಳ್ಳಿಯಲ್ಲಿ ನಮ್ಮ ಸಹಪಾಠಿಗಳೊಬ್ಬರ ಮನೆಯಿದೆ. ಮಠದ ಪಾಠಶಾಲೆಯಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ, ಒಂದೇ ದೀಪದ ಬೆಳಕಿನಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರು ನಾವು. ಅವರು ಊರಿಗೆ ಮರಳಿ ಒಕ್ಕಲುತನಕ್ಕೆ ನಿಂತರು. ನಾವು ಅಧ್ಯಾಪನಕ್ಕೆ ಹೋದೆವು. ಅವರ ಮಗಳು ಅಳಿಯನೊಡನೆ ಜರ್ಮನಿಯಲ್ಲಿದ್ದಾಳೆ. ಅಲ್ಲಿ ಮೊಮ್ಮಗು ಹುಟ್ಟಿ ಎರಡೂವರೆ ವರ್ಷವಾದರೂ ಅಜ್ಜ ಅಜ್ಜಿಯರು ಅದನ್ನು ಕಂಡದ್ದು ದೂರವಾಣಿಯ ಗಾಜಿನೊಳಗೆ ಮಾತ್ರ. ಮಗಳು ವಿಮಾನದ ಚೀಟಿ ಕಳಿಸುತ್ತೇನೆಂದು ಎರಡು ಸಲ ಹೇಳಿದ್ದಳು. ಎರಡು ಸಲವೂ ಇವರು ಬೇಡವೆಂದರು.

ಕಾರಣವನ್ನು ಕೇಳಿದಾಗ ಆ ಮನೆಯ ತಾಯಿ ಹೇಳಿದ ಮಾತು ನಮ್ಮ ಕಿವಿಯಲ್ಲಿ ಇಂದಿಗೂ ಇದೆ: “ಆಕಳಾ ಯಾರ ಕೈಯಾಗ ಕೊಟ್ಟು ಹೋಗ್ಲಿ ಅಣ್ಣಾರ? ಅದೂ ಗಬ್ಬದ ಆಕಳಾ. ಬೀಗಾ ಹಾಕಿದ್ರ ಮನಿ ಮುನಿಸ್ಕೋತದ್ರಿ.”

ನಮ್ಮ ಮನೆಯವರು ಆಗಲೇ ನಿರ್ಧರಿಸಿಬಿಟ್ಟರು. “ಅಕ್ಕಾರ, ನೀವು ಹೋಗಿ ಬರ್ರಿ. ನಾವಿಬ್ಬರೂ ಬಂದು ಇರ್ತೀವಿ” ಎಂದರು. ಹೀಗೆ 2024ರ ನವೆಂಬರ್ 25ರಿಂದ 2025ರ ಜನವರಿ 5ರವರೆಗೆ, ಒಟ್ಟು 42 ದಿನ, ನಾವು ದಂಪತಿಗಳು ಆ ಮನೆಯ ಕಾವಲುಗಾರರಾದೆವು.

ಬೀಗ ಹಾಕಿದರೆ ಮನೆ ಮುನಿಸಿಕೊಳ್ಳುತ್ತದೆ ಎಂಬುದು ಬರಿಯ ಭಾವುಕತೆಯ ಮಾತಲ್ಲ. ಎರೆಸೀಮೆಯ ಹಳೆಯ ಮನೆಗಳ ರಚನೆಯನ್ನು ಬಲ್ಲವರಿಗೆ ಅದರ ಅರ್ಥ ತಿಳಿಯುತ್ತದೆ. ದಪ್ಪನೆಯ ಮಣ್ಣಿನ ಗೋಡೆ. ಕಟ್ಟಿಗೆಯ ಕಂಬ, ಬೋದಿಗೆ, ತೊಲೆ. ಅದರ ಮೇಲೆ ಜಂತಿ. ಅದರ ಮೇಲೆ ಮಣ್ಣಿನ ಮಾಳಿಗೆ. ಮಳೆನೀರು ಇಳಿಯದಂತೆ ಮೇಲೆ ಕರಲು ಮಣ್ಣನ್ನು ಹರಡಿ ಬಡಿದಿರುತ್ತಾರೆ. ಮಳೆ ಬಿದ್ದ ಮೇಲೆ ಅಲ್ಲಿ ಹುಲ್ಲು ಮೊಳೆಯುತ್ತದೆ. ಅದನ್ನು ಎಳೆಯದರಲ್ಲಿಯೇ ಕೀಳದಿದ್ದರೆ ಬೇರು ಕೆಳಗಿಳಿಯುತ್ತದೆ. ಬೇರಿನ ದಾರಿಯಲ್ಲಿ ನೀರು ಇಳಿಯುತ್ತದೆ. ನೀರು ಗೋಡೆಯ ತಲೆಗೆ ತಲುಪಿತೆಂದರೆ ಮಣ್ಣು ಮೆತ್ತಗಾಗಿ, ಮಾಳಿಗೆಯ ಭಾರವನ್ನು ಹೊರಲಾರದೆ ಗೋಡೆ ಕುಸಿಯುತ್ತದೆ. ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತುವುದೂ ಕತ್ತಲೆ, ತೇವ, ನಿಶ್ಶಬ್ದಗಳು ಸೇರಿದಲ್ಲಿಯೇ. ನಿತ್ಯ ಕಸಬರಿಗೆ ಆಡುವ ಮನೆಯಲ್ಲಿ ಗೆದ್ದಲಿನ ಮಣ್ಣಿನ ಗೆರೆ ಒಂದು ಗೇಣು ಏರುವುದರೊಳಗಾಗಿ ಕಣ್ಣಿಗೆ ಬೀಳುತ್ತದೆ. ಬೀಗ ಹಾಕಿದ ಮನೆಯಲ್ಲಿ ಅದು ತೊಲೆಯನ್ನೇ ಮುಟ್ಟಿ ಕುಳಿತಿರುತ್ತದೆ. ಮನುಷ್ಯನ ಓಡಾಟವೇ ಇಂಥ ಮನೆಗೆ ಔಷಧ.

ಆ ಮನೆಯಲ್ಲಿ ದನ ಮತ್ತು ಜನ ಒಂದೇ ಸೂರಿನ ಕೆಳಗೆ ವಾಸಿಸುತ್ತಾರೆ. ತಲೆಬಾಗಿಲನ್ನು ದಾಟಿದೊಡನೆ ತಗ್ಗಿನಲ್ಲಿ ಗೋದಲಿ, ಅಲ್ಲಿ ಬಿಳಿಯ ಕಿಲಾರಿ ಆಕಳು. ಎರಡು ಮೆಟ್ಟಿಲು ಏರಿದರೆ ಪಡಸಾಲೆ. ಅದರಾಚೆ ಅಡುಗೆಮನೆ, ದೇವರ ಜಗಲಿ. ರಾತ್ರಿ ಮಲಗಿದಲ್ಲಿಗೆ ಆಕಳ ಕೊರಳ ಗಂಟೆಯ ನಾದ ಕೇಳಿಸುತ್ತಿರುತ್ತದೆ. ಮೊದಲ ಎರಡು ರಾತ್ರಿ ಆ ನಾದದಿಂದ ನಮಗೆ ಎಚ್ಚರವಾಗುತ್ತಿತ್ತು. ಅನಂತರದಲ್ಲಿ ನಾದ ನಿಂತರೆ ಎಚ್ಚರವಾಗತೊಡಗಿತು.

ದಿನಚರಿಯ ಸೊಗಸು

ಹಳ್ಳಿಯ ಮನೆ ಕಾಯುವವನಿಗೆ ಕೆಲಸ ಅತಿಯಾಗಿಯೂ ಇರುವುದಿಲ್ಲ, ಇಲ್ಲದೆಯೂ ಇರುವುದಿಲ್ಲ. ಬೆಳಗಿನ ಐದಕ್ಕೆ ಎದ್ದು ಆಕಳಿಗೆ ಜೋಳದ ಕಣಿಕೆ ಹಾಕಬೇಕು. ನೀರು ಕುಡಿಸಬೇಕು. ಅಂಗಳಕ್ಕೆ ಸಗಣಿನೀರು ಚಿಮುಕಿಸಿದ ಮೇಲೆ ನಮ್ಮ ಮನೆಯವರು ರಂಗೋಲಿ ಇಡುತ್ತಿದ್ದರು. ಆ ಸೀಮೆಯಲ್ಲಿ ಅಂತರ್ಜಲ ಸವಳು. ಕುಡಿಯುವ ನೀರು ಕೆರೆಯದು. ಕೆರೆಗೆ ಮಲಪ್ರಭೆಯ ಕಾಲುವೆಯಿಂದ ನೀರು ಬರುತ್ತದೆ. ಆದುದರಿಂದ ಆ ಮನೆಯಲ್ಲಿ ನೀರನ್ನು ತುಪ್ಪದಂತೆ ಬಳಸುತ್ತಾರೆ. ಕೈ ತೊಳೆದ ನೀರು ಹಿತ್ತಲ ಕರಿಬೇವಿಗೆ, ಅಕ್ಕಿ ಬೇಳೆ ತೊಳೆದ ನೀರು ಆಕಳ ಮುಸುರೆಯ ಬಾನಿಗೆ. ನಗರದಲ್ಲಿ ನಲ್ಲಿ ತಿರುವಿ ರೂಢಿಯಾದ ನಮ್ಮ ಕೈಗಳಿಗೆ ಈ ಶಿಸ್ತು ಒಂದು ವಾರದಲ್ಲಿ ಬಂದಿತು.

ಹೊತ್ತೇರಿದ ಮೇಲೆ ಮಾಳಿಗೆ ಹತ್ತಿ ಹುಲ್ಲು ಕೀಳುವುದು ನಮ್ಮ ಪಾಲಿನ ಕೆಲಸ. ಬಂಗಾಳ ಉಪಸಾಗರದಲ್ಲಿ ಎದ್ದ ಫೆಂಗಲ್ ಚಂಡಮಾರುತವು ನವೆಂಬರ್ ಕೊನೆಯಲ್ಲಿ ಪುದುಚೇರಿಯ ಬಳಿ ದಡ ಸೇರಿತಷ್ಟೆ. ಡಿಸೆಂಬರ್ ಮೊದಲ ವಾರ ನಾವಿದ್ದ ಹಳ್ಳಿಯಲ್ಲಿಯೂ ಮೋಡ ಕವಿದು ತುಂತುರು ಹನಿಯಿತು. ಮಾಳಿಗೆಯ ನಡುವಿನ ಬೆಳಕಿಂಡಿಯನ್ನು ಮುಚ್ಚಲು ನಾವು ನಿಚ್ಚಣಿಕೆ ಹಿಡಿದು ಹೊರಟಾಗ, ನಮ್ಮ ವಯಸ್ಸನ್ನು ಕಂಡ ಪಕ್ಕದ ಮನೆಯ ತರುಣನು ಓಡಿಬಂದು ತಾನೇ ಹತ್ತಿ ಮುಚ್ಚಿದನು. ಹಳ್ಳಿಯಲ್ಲಿ ಮನೆ ಕಾಯುವುದೆಂದರೆ ಒಬ್ಬನೇ ಕಾಯುವುದಲ್ಲ.

ಆ ಬೆಳಕಿಂಡಿಯ ವಿಷಯವಾಗಿ ಎರಡು ಮಾತು ಹೇಳಬೇಕು. ಅದರಿಂದ ಇಳಿದ ಬಿಸಿಲು ಪಡಸಾಲೆಯ ನೆಲದ ಮೇಲೆ ರೊಟ್ಟಿಯಷ್ಟು ಅಗಲದ ವೃತ್ತವಾಗಿ ಬೀಳುತ್ತದೆ. ಬೆಳಿಗ್ಗೆ ಪಡುವಣ ಗೋಡೆಯ ಮೇಲಿದ್ದುದು ಮೆಲ್ಲಗೆ ಇಳಿದು, ನೆಲವನ್ನು ಹಾಯ್ದು, ಸಂಜೆಗೆ ಮೂಡಣ ಗೋಡೆಯನ್ನು ಏರುತ್ತದೆ. ಹತ್ತು ದಿನ ಕಳೆಯುವುದರೊಳಗೆ ನಾವು ಗಡಿಯಾರವನ್ನು ನೋಡುವುದನ್ನೇ ಬಿಟ್ಟೆವು. ಬೆಳಕು ಮೂರನೆಯ ಕಂಬದ ಬುಡಕ್ಕೆ ಬಂದರೆ ಊಟದ ಹೊತ್ತು. ಅಧ್ಯಾಪನ ಕಾಲದಲ್ಲಿ ಗಂಟೆಯ ಸದ್ದಿಗೆ ಎದ್ದು ಕುಳಿತು ನಲವತ್ತು ವರ್ಷ ಕಳೆದ ನಮಗೆ, ಸದ್ದಿಲ್ಲದೆ ಸಾಗುವ ಈ ಕಾಲಮಾಪನ ಬಹು ಹಿತವೆನಿಸಿತು.

ಮಧ್ಯಾಹ್ನದ ಬಿಡುವಿನಲ್ಲಿ ಓದು. ಮಿತ್ರರ ಕಪಾಟಿನಲ್ಲಿ ಪುಸ್ತಕಗಳಿದ್ದವು. ಅವುಗಳ ಅಂಚಿನಲ್ಲಿ ಪಾಠಶಾಲೆಯ ದಿನಗಳ ಅವರ ಕೈಬರಹದ ಟಿಪ್ಪಣಿಗಳಿದ್ದವು. ಕಪಾಟಿನ ಕೆಳಗಿನ ಟ್ರಂಕನ್ನು ಮಾತ್ರ ನಾವು ಮುಟ್ಟಲಿಲ್ಲ. ಅದಕ್ಕೆ ಬೀಗವಿರಲಿಲ್ಲ. ಆದರೆ ತೆರೆಯಿರಿ ಎಂದು ಯಾರೂ ಹೇಳಿರಲಿಲ್ಲ. ವಿಜ್ಞಾನೇಶ್ವರನ ಲೆಕ್ಕದಲ್ಲಿ ಅದು ಉಪನಿಧಿಯಲ್ಲವೇ?

ಸಂಜೆ ಹೊಲದ ಕಡೆಗೆ ಒಂದು ಸುತ್ತು. ಎರೆಭೂಮಿಯ ಹಿಂಗಾರು ಬೆಳೆಯನ್ನು ಕಾಣದವರು ಅದರ ಮಹಿಮೆಯನ್ನು ನಂಬಲಾರರು. ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತಿದ ಬಿಳಿಜೋಳ, ಕಡಲೆ, ಕುಸುಬೆಗಳು ಮತ್ತೆ ಮಳೆಯಿಲ್ಲದಿದ್ದರೂ ಬೆಳೆದು ನಿಲ್ಲುತ್ತವೆ. ಕಪ್ಪು ಮಣ್ಣು ಮಳೆಗಾಲದ ತೇವವನ್ನು ಒಡಲಲ್ಲಿ ಹಿಡಿದಿಟ್ಟು ಬೇರುಗಳಿಗೆ ಸ್ವಲ್ಪ ಸ್ವಲ್ಪವಾಗಿ ಉಣಿಸುತ್ತದೆ. ಇಟ್ಟುದನ್ನು ಕಾಯ್ದು ಬೇಕಾದಾಗ ಕೊಡುವ ಗುಣ ಆ ಮಣ್ಣಿನಲ್ಲಿಯೇ ಇದೆ. ಕಡಲೆಯ ಹೊಲದಲ್ಲಿ ಹೆಂಗಸರು ಎಳೆಯ ಕುಡಿಗಳನ್ನು ಚಿವುಟುತ್ತಿದ್ದರು. ಕುಡಿ ಚಿವುಟಿದಷ್ಟೂ ಗಿಡ ಹೆಚ್ಚು ಕವಲೊಡೆಯುತ್ತದೆ. ಚಿವುಟಿದ ಕುಡಿ ಅಂದಿನ ಪಲ್ಯಕ್ಕಾಗುತ್ತದೆ. ಎದುರು ಮನೆಯ ಅಜ್ಜಿಯೊಬ್ಬರು ರಾತ್ರಿ ತೆಳುವಾದ ಬಟ್ಟೆಯನ್ನು ಕಡಲೆ ಗಿಡಗಳ ಮೇಲೆ ಹರಡಿಸಿ, ನಸುಕಿನಲ್ಲಿ ಇಬ್ಬನಿಯೊಡನೆ ಇಳಿದ ಹುಳಿಯನ್ನು ಹಿಂಡಿಸಿ ಸೀಸೆಯಲ್ಲಿ ತುಂಬಿಡುತ್ತಿದ್ದರು. ಹೊಟ್ಟೆಯ ಬಾಧೆಗೆ ಅದು ಮನೆಮದ್ದು. ಎಲೆಯಲ್ಲಿ ಒಸರುವ ಆಮ್ಲವೇ ಆ ಹುಳಿ.

ರಾತ್ರಿಯ ಸುಖ ಬೇರೆಯದೇ. ಊರ ದೀಪಗಳು ವಿರಳ, ಆಕಾಶ ವಿಶಾಲ. ಮೂಡಲಲ್ಲಿ ಕೃತ್ತಿಕೆ, ರೋಹಿಣಿ, ಮೃಗಶಿರಗಳು ಸಾಲಾಗಿ ಏರುತ್ತಿದ್ದವು. ಆ ವರ್ಷ ಡಿಸೆಂಬರಿನಲ್ಲಿ ಗುರುಗ್ರಹವು ವೃಷಭರಾಶಿಯಲ್ಲಿ, ರೋಹಿಣಿಯ ಸಮೀಪದಲ್ಲಿ ಅತಿ ಉಜ್ಜ್ವಲವಾಗಿತ್ತು. ಡಿಸೆಂಬರ್ 15 ಮಾರ್ಗಶಿರ ಹುಣ್ಣಿಮೆ. ಆ ಹುಣ್ಣಿಮೆಯ ಚಂದ್ರನು ಮೃಗಶಿರಾ ನಕ್ಷತ್ರದ ನೆರೆಯಲ್ಲಿರುವುದರಿಂದಲೇ ಮಾಸಕ್ಕೆ ಆ ಹೆಸರು. ನಮ್ಮ ಜನ ಅದನ್ನು ‘ಹೊಸ್ತಿಲ ಹುಣ್ಣಿಮೆ’ ಎನ್ನುತ್ತಾರೆ. ಹೊಸ್ತಿಲನ್ನು ತೊಳೆದು ಪೂಜಿಸುವ ದಿನವದು. ತನ್ನದಲ್ಲದ ಮನೆಯ ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚುವಾಗ ನಮ್ಮ ಮನೆಯವರು ಒಂದು ಕ್ಷಣ ತಡೆದು ನಿಂತರು. “ಈ ಹೊಸ್ತಿಲ ದಾಟಿ ಹೋದವರು ಸುಖವಾಗಿ ಇದೇ ಹೊಸ್ತಿಲಕ್ಕ ಬರಲಿ” ಎಂದರು. ಅಂದಿನ ಪೂಜೆಗೆ ಅದೇ ಮಂತ್ರವಾಯಿತು.

ನಡುರಾತ್ರಿಯ ಹೊಣೆ

ಸುಖವನ್ನಷ್ಟೇ ಹೇಳಿದರೆ ಮಾತು ಅರ್ಧವಾದೀತು. ಪರರ ಮನೆಯಲ್ಲಿ ಹೊಣೆ ಒಮ್ಮೆಯಾದರೂ ಭಾರವಾಗಿ ಹೆಗಲಿಗೆ ಬರುತ್ತದೆ. ಹೊಸ್ತಿಲ ಹುಣ್ಣಿಮೆ ಕಳೆದ ನಾಲ್ಕನೆಯ ರಾತ್ರಿ ಆಕಳ ಗಂಟೆಯ ನಾದ ಬೇರೆ ರೀತಿಯಾಗಿ ಕೇಳಿತು. ಎದ್ದು ನೋಡಿದರೆ ಅದು ಮಲಗುತ್ತಿತ್ತು, ಏಳುತ್ತಿತ್ತು. ಎಣಿಸಿದ್ದಕ್ಕಿಂತ ಹತ್ತು ದಿನ ಮೊದಲೇ ಈಯುವ ಲಕ್ಷಣ. ಶಾಸ್ತ್ರಗ್ರಂಥಗಳಲ್ಲಿ ಗೋವಿನ ಮಹಿಮೆಯನ್ನು ನಾವು ಬೇಕಾದಷ್ಟು ಓದಿದ್ದೆವು. ಗೋವಿನ ಹೆರಿಗೆಯನ್ನು ಕಂಡಿರಲಿಲ್ಲ. ಏನಾದರೂ ಕೆಟ್ಟದ್ದಾದರೆ ಎರಡೂವರೆ ವರ್ಷ ತಡೆದು ಈಗಷ್ಟೇ ಮೊಮ್ಮಗುವನ್ನು ಎತ್ತಿಕೊಂಡಿರುವ ಆ ತಾಯಿಗೆ ಯಾವ ಮುಖದಿಂದ ಹೇಳುವುದು?

ಓಣಿಯ ಬಾಗಿಲು ಬಡಿದೆವು. ಎದುರು ಮನೆಯ ಅಜ್ಜಿ, ಅವರ ಮಗ, ಪಕ್ಕದ ತರುಣ ಮೂವರೂ ಬಂದರು. ಅಜ್ಜಿ ಗೋದಲಿಯ ಬಳಿ ಒಣಹುಲ್ಲು ಹರಡಿಸಿ, “ಗದ್ದಲಾ ಮಾಡಬ್ಯಾಡ್ರಿ, ಅದಕ್ಕ ಗೊತ್ತೈತಿ” ಎಂದು ಕುಳಿತುಬಿಟ್ಟರು. ಮೂರು ಗಂಟೆಗೆ ಹೆಣ್ಣುಗರು ಹುಟ್ಟಿತು. ತಾಯಿ ನೆಕ್ಕಿ ಒರೆಸಿದ ಮೇಲೆ ನಡುಗುವ ಕಾಲುಗಳ ಮೇಲೆ ಎದ್ದು ನಿಂತು ಕೆಚ್ಚಲನ್ನು ಹುಡುಕಿತು. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಗಿಣ್ಣದ ಹಾಲು ಕರುವಿನ ಹೊಟ್ಟೆಗೆ ಸೇರಬೇಕು. ರೋಗಗಳನ್ನು ತಡೆಯುವ ಶಕ್ತಿ ಅದಕ್ಕೆ ಬರುವುದು ಅದರಿಂದಲೇ. ಆಕಳಿಗೆ ಮಾಸು ಬೀಳುವವರೆಗೂ ಕಾಯಬೇಕು. ಅದು ಬೆಳಗಾಗುವುದರೊಳಗೆ ಬಿದ್ದಿತು. ಬೀಳದಿದ್ದರೆ ಪಶುವೈದ್ಯರನ್ನು ಕರೆಸಬೇಕಾಗಿತ್ತು.

ನಮ್ಮಲ್ಲಿ ಮೂರು ಗಂಟೆಯಾದರೆ ಚಳಿಗಾಲದ ಜರ್ಮನಿಯಲ್ಲಿ ಹಿಂದಿನ ರಾತ್ರಿಯ ಹತ್ತೂವರೆ. ಪಕ್ಕದ ತರುಣನು ತನ್ನ ಮೊಬೈಲಿನಲ್ಲಿ ಕರೆಮಾಡಿ ಕರುವನ್ನು ತೋರಿಸಿದನು. ಆ ಕಡೆಯಿಂದ ಬಂದ ಮೊದಲ ಪ್ರಶ್ನೆ, “ನಿಂತತೇನ್ರಿ?” ಎಂದು. ನಿಂತಿದೆ ಎಂದೆವು. ಆ ತಾಯಿ ಕಣ್ಣೊರೆಸಿಕೊಂಡು, “ಇನ್ನ ನಾ ಇಲ್ಲಿ ನಿಶ್ಚಿಂತಿ ಇರ್ತೀನ್ರಿ ಅಣ್ಣಾರ” ಎಂದರು. ಹೋಗಿ ಇಪ್ಪತ್ತೈದು ದಿನಗಳಾಗುತ್ತ ಬಂದಿದ್ದರೂ ಅವರ ಮನಸ್ಸು ಆವರೆಗೂ ಗೋದಲಿಯಲ್ಲಿಯೇ ಇದ್ದಿತು. ಮೊಮ್ಮಗುವಿನ ಬಳಿಗೆ ಅವರು ನಿಜವಾಗಿ ತಲುಪಿದುದು ಆ ರಾತ್ರಿ. ಮರುದಿನ ಗಿಣ್ಣವನ್ನು ಕಾಸಿ, ಬೆಲ್ಲ ಯಾಲಕ್ಕಿ ಬೆರೆಸಿ, ಓಣಿಯ ಮನೆಮನೆಗೆ ಹಂಚಿದೆವು.

ಓಣಿಯ ದೀಪ

ಆ ಓಣಿಯಲ್ಲಿ ಏಳು ಮನೆಗಳಿಗೆ ಬೀಗ ಬಿದ್ದಿದೆ. ಒಡೆಯರು ಹುಬ್ಬಳ್ಳಿ, ಬೆಂಗಳೂರು, ಪುಣೆಗಳಲ್ಲಿದ್ದಾರೆ. ಯಾರೂ ಊರನ್ನು ದ್ವೇಷಿಸಿ ಹೋದವರಲ್ಲ, ಅನ್ನ ಹುಡುಕಿಕೊಂಡು ಹೋದವರು. 2019ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಮಲಪ್ರಭೆಯೂ ಬೆಣ್ಣಿಹಳ್ಳವೂ ಉಕ್ಕಿ ಆ ಭಾಗದಲ್ಲಿ ಅಸಂಖ್ಯ ಮಣ್ಣಿನ ಮನೆಗಳು ಬಿದ್ದುದು ಎಲ್ಲರಿಗೂ ನೆನಪಿದೆ. ಆ ಓಣಿಗೆ ನೆರೆ ಬರಲಿಲ್ಲ. ಆದರೂ ಬೀಗ ಹಾಕಿದ್ದ ಮನೆಯೊಂದರ ಗೋಡೆ ಕುಸಿಯಿತು. ಪಕ್ಕದಲ್ಲಿಯೇ, ಅದರಷ್ಟೇ ಹಳೆಯದಾದ ಒಕ್ಕಲಿದ್ದ ಮನೆ ನಿಂತಿತು. ಮಳೆಯ ನಡುವೆ ಮಾಳಿಗೆ ಹತ್ತಿ ಒಂದು ಬುಟ್ಟಿ ಮಣ್ಣು ಹಾಕುವವರು ಅಲ್ಲಿದ್ದರು. ಅಂತರ ಇಷ್ಟೇ.

ನಾವು ಹೋದ ಮೊದಲ ಸಂಜೆ ಎದುರು ಮನೆಯ ಅಜ್ಜಿ ತಮ್ಮ ಕಟ್ಟೆಯ ಮೇಲಿನಿಂದಲೇ ಕೂಗಿ ಕೇಳಿದರು: “ದೀಪಾ ಹಚ್ಚೀರೇನ್ರಿ?” ಹಚ್ಚಿದ್ದೇವೆ ಎಂದಾಗ, “ಹಂಗಾರ ಚಲೋ ಆತು. ಎದುರು ಮನಿ ಕತ್ತಲಿದ್ರ ನಿದ್ದಿ ಹತ್ತೂದಿಲ್ಲ” ಎಂದರು. ಮನೆಯ ದೀಪ ಮನೆಯವರಿಗಾಗಿ ಎಂದು ನಾವು ತಿಳಿದಿದ್ದೆವು. ಎದುರಿನವರಿಗೂ ಅದು ಬೇಕೆಂಬುದು ಆ ಮಾತಿನಿಂದ ಹೊಳೆಯಿತು.

ಡಿಸೆಂಬರ್ 30 ಎಳ್ಳ ಅಮಾವಾಸ್ಯೆ. ಆ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು. ಒಡೆಯರಿಲ್ಲದ ಹೊಲಕ್ಕೆ ಚರಗ ತಪ್ಪಬಾರದೆಂದು ಓಣಿಯವರು ನಮ್ಮನ್ನೂ ಕರೆದುಕೊಂಡು ಹೊರಟರು. ಸಜ್ಜೆಯ ರೊಟ್ಟಿ, ಶೇಂಗಾದ ಹೋಳಿಗೆ, ಎಣ್ಣೆಗಾಯಿ, ಕಡುಬು, ಕೆನೆಮೊಸರುಗಳ ಬುತ್ತಿ ಹೊತ್ತೆವು. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಇರಿಸಿ ಪೂಜಿಸಿ, ಬೆಳೆಯ ನಾಲ್ಕೂ ದಿಕ್ಕಿಗೆ ಅನ್ನವನ್ನು ಚೆಲ್ಲಿದೆವು. ಭೂಮಿತಾಯಿಗೆ ಉಣಿಸಿದ ಮೇಲೆಯೇ ನಮ್ಮ ಊಟ. ಆ ಹೊಲದ ಒಂದು ಗುಂಟೆಯೂ ನಮ್ಮದಲ್ಲ. ಆದರೂ ಅಂದು ಎದೆಯುದ್ದ ನಿಂತ ಜೋಳವನ್ನು ಕಂಡಾಗ ಆದ ಸಂತೋಷಕ್ಕೆ ಏನೂ ಕೊರತೆಯಿರಲಿಲ್ಲ. ನಮ್ಮದಾಗಿದ್ದರೆ ಧಾರಣೆ ಎಷ್ಟು, ಸಾಲವೆಷ್ಟು, ಪಾಲುದಾರರೆಷ್ಟು ಎಂಬ ಎಣಿಕೆ ಮೊದಲು ಬರುತ್ತಿತ್ತು. ನಮ್ಮದಲ್ಲವಾದ್ದರಿಂದ ಜೋಳವು ಜೋಳವಾಗಿಯೇ ಕಂಡಿತು. ಮನೆ ಕಾಯುವವನಿಗೆ ದೊರೆಯುವ ದೊಡ್ಡ ಸಂಬಳ ಇದೇ ಇರಬೇಕು.

ಜನವರಿ 5ರಂದು ಮನೆಯೊಡೆಯರು ಬಂದರು. ಬೀಗದ ಕೈಯನ್ನೂ ಒಂದು ಚಿಕ್ಕ ವಹಿಯನ್ನೂ ಒಪ್ಪಿಸಿದೆವು. ಅದರಲ್ಲಿ ಯಾರು ಬಂದಿದ್ದರು, ಏನು ಹೇಳಿ ಹೋದರು, ಎಷ್ಟು ಖರ್ಚಾಯಿತು, ಯಾವ ಗಾಜಿನ ಲೋಟ ಒಡೆಯಿತು, ಕರು ಯಾವ ಗಳಿಗೆಯಲ್ಲಿ ಹುಟ್ಟಿತು ಎಲ್ಲವೂ ಇದ್ದವು. ಮಿತ್ರರು ವಹಿಯನ್ನು ತೆರೆಯದೆ ಕಣ್ಣಿಗೊತ್ತಿಕೊಂಡರು. ನಾವು ಬಿಡದೆ ತೆರೆಸಿ ಓದಿಸಿದೆವು. ಸ್ನೇಹ ಎಷ್ಟೇ ಇರಲಿ, ಲೆಕ್ಕ ಒಪ್ಪಿಸಿದ ಮೇಲೆಯೇ ನಿಕ್ಷೇಪ ತೀರುವುದು.

ಕಾಯುವವರಿಗೂ ಕಾಯಿಸುವವರಿಗೂ ಕೆಲವು ಮಾತು

ಇಂಥ ಕಾರ್ಯಕ್ಕೆ ಮುಂದಾಗುವವರ ಉಪಯೋಗಕ್ಕಾಗಿ ಅನುಭವದ ಕೆಲವು ಅಂಶಗಳನ್ನು ಇಲ್ಲಿ ಹೇಳುವುದು ಉಚಿತ. ಮನೆಯವರು ಹೊರಡುವ ಎರಡು ದಿನ ಮೊದಲೇ ಹೋಗಿ ಅವರೊಡನೆ ಇರಬೇಕು. ಆಕಳು ನಮ್ಮ ವಾಸನೆಯನ್ನು, ನಾವು ಮನೆಯ ರೂಢಿಯನ್ನು ಅರಿಯಲು ಅಷ್ಟು ಸಮಯ ಬೇಕು. ವಿದ್ಯುತ್ತಿನ ಮುಖ್ಯ ಸ್ವಿಚ್ಚು, ಗ್ಯಾಸಿನ ಸಿಲಿಂಡರು, ನೀರಿನ ಸರದಿ ಇವನ್ನು ಕೈಯಿಂದ ಮುಟ್ಟಿ ತಿಳಿದುಕೊಳ್ಳಬೇಕು. ನಂಬಿಗಸ್ತ ನೆರೆಯವರಿಬ್ಬರು, ವೈದ್ಯರು, ವಿದ್ಯುತ್ ಕಚೇರಿ ಇವರ ದೂರವಾಣಿ ಸಂಖ್ಯೆಗಳು ಗೋಡೆಯ ಮೇಲಿರಲಿ. ದನಕರುಗಳಿದ್ದರೆ ಪಶುವೈದ್ಯರದೂ ಇರಲಿ. ಪಶು ಸಂಚಾರಿ ಚಿಕಿತ್ಸಾಲಯಕ್ಕೆ 1962 ಎಂಬ ಉಚಿತ ಕರೆಯ ಸಂಖ್ಯೆಯಿದೆ.

ಮನೆಯೊಡೆಯರು ಒಡವೆ, ಕಾಗದಪತ್ರಗಳನ್ನು ಬ್ಯಾಂಕಿನಲ್ಲಿ ಇರಿಸಿ ಹೋಗುವುದು ಇಬ್ಬರಿಗೂ ಕ್ಷೇಮ. ಅದು ಅವಿಶ್ವಾಸವಲ್ಲ, ವಿಶ್ವಾಸದ ಮೇಲೆ ಅನಾವಶ್ಯಕ ಭಾರ ಹೇರದಿರುವ ವಿವೇಕ. ತೆರೆಯಬಾರದ ಕೋಣೆಯನ್ನು ಸಂಕೋಚವಿಲ್ಲದೆ ಹೇಳಿ ಹೋಗಲಿ. ಕಾಯುವವರು ಪಾತ್ರೆಗಳ ಸ್ಥಾನವನ್ನು ಬದಲಿಸಬಾರದು, ಒಡೆದುದನ್ನು ಮರೆಮಾಚಬಾರದು, ಪರರ ಮನೆಗೆ ತಮ್ಮ ಅತಿಥಿಗಳನ್ನು ಕರೆಯಬಾರದು. ಹಬ್ಬ ಹುಣ್ಣಿಮೆಗಳಲ್ಲಿ ತಮ್ಮ ಪದ್ಧತಿಯನ್ನು ಬದಿಗಿಟ್ಟು ಆ ಮನೆಯ ಪದ್ಧತಿಯನ್ನು ನಡೆಸಬೇಕು. ಕೂಲಿ ಬೇಡ, ಬುತ್ತಿ ಕಟ್ಟಿಕೊಟ್ಟರೆ ಬೇಡವೆನ್ನಲೂ ಬಾರದು.

ನಮ್ಮ ಬಂಧುಗಳಲ್ಲಿ ಕೆಲಸದಿಂದ ನಿವೃತ್ತರಾಗಿ, ಪೇಟೆಯ ಮನೆಗಳಲ್ಲಿ ಹೊತ್ತು ಹೋಗದೆ ಕುಳಿತ ದಂಪತಿಗಳು ಅನೇಕರಿದ್ದಾರೆ. ಹಳ್ಳಿಯ ಗಾಳಿ, ಮೌನ, ಬಿಸಿರೊಟ್ಟಿಗಳಿಗಾಗಿ ಹಂಬಲಿಸುವವರೂ ಅವರೇ. ಇನ್ನೊಂದು ಕಡೆ, ಮನೆ ಬಿಟ್ಟು ಕದಲಲಾರದೆ ಮಗಳ ಬಾಣಂತನವನ್ನೂ ತೀರ್ಥಯಾತ್ರೆಯನ್ನೂ ಕಣ್ಣಿನ ಶಸ್ತ್ರಚಿಕಿತ್ಸೆಯನ್ನೂ ಮುಂದೂಡುತ್ತ ಬಂದ ಹಿರಿಯರಿದ್ದಾರೆ. ದೂರದ ಮಕ್ಕಳು ಹಣ ಕಳಿಸಬಲ್ಲರು; ಸಂಜೆಯ ದೀಪವನ್ನು ಹಚ್ಚುವ ಕೈಯನ್ನು ಕಳಿಸಲಾರರು. ಈ ಎರಡು ಕಡೆಯವರನ್ನು ಕೂಡಿಸಲು ಸಂಘ ಬೇಡ, ನಿಧಿ ಬೇಡ. ಒಂದು ಮಾತು ಸಾಕು.

ವಾಚಕ ಬಂಧುಗಳು ತಮ್ಮ ಬಳಗದಲ್ಲಿ ಹಾಗೆ ಮನೆಗೆ ಕಟ್ಟಿಬಿದ್ದ ಹಿರಿಯರು ಯಾರಿದ್ದಾರೆಂದು ಒಮ್ಮೆ ನೆನೆದು ನೋಡಲಿ. ನೆನಪಾದರೆ ಮುಂದಿನ ಹಬ್ಬದವರೆಗೆ ತಡೆಯದೆ ಕೇಳಲಿ: “ನೀವು ಹೋಗಿ ಬರ್ರಿ, ಮನಿ ನಾವು ನೋಡ್ಕೋತೀವಿ.” ಆ ಮಾತನ್ನು ಕೇಳಲು ಅವರು ಎಷ್ಟು ವರ್ಷಗಳಿಂದ ಕಾದಿದ್ದಾರೋ ಬಲ್ಲವರಾರು!